ಮುಟ್ಟು ನಿಲ್ಲುವ ಮಾತನ್ನು ಮೊದಲೇ ಹೇಳಿ

ಸ್ತನ ಕ್ಯಾನ್ಸರಿಗೆ ಕೊಡುವ ಕಿಮೋದ ಎರಡನೆಯದೋ ಮೂರನೆಯದೋ ಸೈಕಲ್ ಮುಗಿಯುವ ಹೊತ್ತಿಗೆ ಬಹಳಷ್ಟು ಹೆಂಗಸರಿಗೆ ಮುಟ್ಟು ನಿಂತಿರುತ್ತದೆ. ಕೂದಲು ಉದುರುತ್ತದೆ, ವಾಂತಿ ಬರುತ್ತದೆ, ಬಾಯಿ ಹುಣ್ಣಾಗಬಹುದು, ಜ್ವರ ಕಾಣಿಸಿಕೊಂಡರೆ ತಡಮಾಡದೆ ಬನ್ನಿ ಎಂದೆಲ್ಲ ವಾರ್ಡಿನಲ್ಲಿ ಹೇಳಿ ಕಳಿಸಿರುತ್ತಾರೆ. ಮುಟ್ಟಿನ ಮಾತು ಮಾತ್ರ ಹೆಚ್ಚಿನ ಸಲ ಯಾರ ಬಾಯಲ್ಲೂ ಬಂದಿರುವುದಿಲ್ಲ. ಮೂವತ್ತಾರು ವರ್ಷದ ಹೆಣ್ಣುಮಗಳು ಮೊದಲ ತಿಂಗಳು ಅದನ್ನು ನಿಶ್ಶಕ್ತಿಯ ಲೆಕ್ಕಕ್ಕೆ ಹಾಕುತ್ತಾಳೆ. ಎರಡನೇ ತಿಂಗಳು ಬಸಿರೇನಾದರೂ ಆಯಿತೇ ಎಂದು ಎದೆ ಹೊಡೆದುಕೊಳ್ಳುತ್ತದೆ. ಮೂರನೇ ತಿಂಗಳಿಗೆ ನಡುರಾತ್ರಿ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಝಳ ಏರಿ, ರವಿಕೆ ನೆನೆಯುವಷ್ಟು ಬೆವರಿ, ಮರುಗಳಿಗೆಗೆ ಚಳಿ ಹಿಡಿದಂತಾಗಿ ಎದ್ದು ಕೂರುತ್ತಾಳೆ. ಕ್ಯಾನ್ಸರ್ ಮೈಗೆಲ್ಲ ಹರಡಿಬಿಟ್ಟಿತು ಎಂದು ಅವಳು ತೀರ್ಮಾನಿಸಿಕೊಳ್ಳುವುದು ಅಂಥದೊಂದು ರಾತ್ರಿಯಲ್ಲೇ.

ಹರಡಿರುವುದಿಲ್ಲ. ಆಗಿರುವುದು ಋತುಬಂಧ, ಹತ್ತು ವರ್ಷ ಮುಂಚಿತವಾಗಿ. ಚಿಕಿತ್ಸೆ ಶುರುವಾಗುವ ಮೊದಲೇ ಡಾಕ್ಟರಿಗೆ ಗೊತ್ತಿರುವ ಸಂಗತಿ ಇದು. ಎಷ್ಟೋ ಸಲ ಡಾಕ್ಟರೇ ಬೇಕೆಂದು ತರಿಸುವ ಸಂಗತಿಯೂ ಹೌದು. ಹಾಗಿದ್ದ ಮೇಲೆ ಅದನ್ನು ಅವಳಿಗೆ, ಅವಳ ಗಂಡನಿಗೆ, ಮನೆಯ ಹಿರಿಯ ಹೆಂಗಸರಿಗೆ ಮೊದಲ ಬಾಟಲು ಏರಿಸುವ ಮುನ್ನವೇ ಕೂರಿಸಿ ಹೇಳಬೇಕು. ಕನ್ನಡದಲ್ಲಿ, ಬೇಕಿದ್ದರೆ ತೆಲುಗಿನಲ್ಲಿ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸುತ್ತಲ ಹಳ್ಳಿಗಳ ಮಟ್ಟಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಎದೆಯಲ್ಲಿ ಗಂಟು ಕಂಡ ಹೆಂಗಸು ಇಲ್ಲಿಂದ ಹೊರಡುವ ದಾರಿ ಉದ್ದದ್ದು. ಊರಿನ ಆರೋಗ್ಯ ಕೇಂದ್ರ, ಅಲ್ಲಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆ, ಕೊನೆಗೆ ಬಹುತೇಕರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಕೆಲವರು ವೆಲ್ಲೂರಿನ ಸಿಎಂಸಿಯ ಕಡೆ ಹೋಗುತ್ತಾರೆ. ಮುಳಬಾಗಿಲಿನಿಂದ ಬೆಂಗಳೂರು ನೂರು ಕಿಲೋಮೀಟರಿನ ಹತ್ತಿರ. ಬೆಳಕು ಹರಿಯುವ ಮೊದಲು ಹಾಲು ಕರೆದಿಟ್ಟು ಬಸ್ಸು ಹಿಡಿಯಬೇಕು, ಹೊಸೂರು ರಸ್ತೆಗೆ ಇನ್ನೊಂದು ಬಸ್ಸು ಬದಲಿಸಬೇಕು, ರಕ್ತ ಪರೀಕ್ಷೆಯ ಸಾಲು, ರಿಪೋರ್ಟಿನ ಸಾಲು, ಡಾಕ್ಟರ ಕೋಣೆಯ ಮುಂದಿನ ಸಾಲು. ಒಳಗೆ ಸಿಗುವುದು ಕೆಲವೇ ನಿಮಿಷ. ಹೊರಗೆ ನೂರಾರು ಜನ ಕಾಯುತ್ತಿರುತ್ತಾರೆ. ಪಕ್ಕದಲ್ಲಿ ಗಂಡನೋ ಮೈದುನನೋ ನಿಂತಿರುವಾಗ, ಎದುರಿಗೆ ಗಂಡಸು ಡಾಕ್ಟರು ಕುಳಿತಿರುವಾಗ, ಆ ಕೆಲವು ನಿಮಿಷದಲ್ಲಿ ಮುಟ್ಟಿನ ವಿಷಯ ಎತ್ತುವ ಹೆಣ್ಣುಮಗಳು ಅಪರೂಪ. ಅವಳು ಕೇಳಲಿಲ್ಲ ಎಂಬುದನ್ನು ಅವಳಿಗೆ ಬೇಕಿರಲಿಲ್ಲ ಎಂದು ಓದಬಾರದು.

ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಎಂಬತ್ತರ ದಶಕದ ಆರಂಭದಿಂದ ನಡೆದು ಬಂದಿದೆ. ಅದರ ಲೆಕ್ಕದಂತೆ ಒಂದು ಕಾಲಕ್ಕೆ ನಮ್ಮ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಸ್ತನ ಕ್ಯಾನ್ಸರ್ ಅದನ್ನು ಹಿಂದೆ ಹಾಕಿದೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, 98 ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆ ಸರಾಸರಿ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅರವತ್ತು ದಾಟಿದ, ಮುಟ್ಟು ನಿಂತು ಹತ್ತು ವರ್ಷವಾದ ಹೆಂಗಸರು ಹೆಚ್ಚು. ಇಲ್ಲಿ ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುವ, ಮನೆ, ಹೊಲ, ಹಸು ಎಲ್ಲವನ್ನೂ ನೋಡಿಕೊಳ್ಳುತ್ತಿರುವ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹೀಗಾಗಿ ಅಕಾಲದ ಋತುಬಂಧ ಅಲ್ಲಿಗಿಂತ ಇಲ್ಲಿ ದೊಡ್ಡ ಪ್ರಶ್ನೆ. ನಾವು ಅದರ ಬಗ್ಗೆ ಮಾತಾಡುವುದು ಮಾತ್ರ ಕಡಿಮೆ.

ಮೈಯೊಳಗೆ ಆಗುವುದೇನು? ಅಂಡಾಶಯದಲ್ಲಿ ಹುಟ್ಟಿನಿಂದಲೇ ಲೆಕ್ಕಕ್ಕಿಟ್ಟಂತೆ ಅಂಡಕೋಶಗಳಿರುತ್ತವೆ, ವಯಸ್ಸಾದಂತೆ ಕರಗುತ್ತಾ ಬರುತ್ತವೆ. ಭಾರತದ ಹೆಂಗಸರಲ್ಲಿ ಸಹಜ ಋತುಬಂಧ ಸರಾಸರಿ 46–47ರ ವಯಸ್ಸಿಗೆ ಬರುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಕಿಮೋ ಔಷಧಿಗಳಲ್ಲಿ ಸೈಕ್ಲೋಫಾಸ್ಫಮೈಡ್ ಎಂಬುದು ಈ ಅಂಡಕೋಶಗಳಿಗೆ ನೇರ ಏಟು ಕೊಡುತ್ತದೆ. ಮೂವತ್ತೈದರೊಳಗಿನವರಿಗೆ ಸಂಗ್ರಹ ಹೆಚ್ಚಿರುವುದರಿಂದ ಕಿಮೋ ಮುಗಿದ ಕೆಲವು ತಿಂಗಳಿಗೋ ವರ್ಷಕ್ಕೋ ಮುಟ್ಟು ಮರಳುವುದುಂಟು. ನಲವತ್ತು ದಾಟಿದವರಲ್ಲಿ ಬಹುಪಾಲು ಮಂದಿಗೆ ಮತ್ತೆ ಬರುವುದಿಲ್ಲ. ಸಹಜವಾಗಿ ನಿಲ್ಲುವಾಗ ನಾಲ್ಕೈದು ವರ್ಷ ಹಿಂದು ಮುಂದಾಗಿ, ಮೈ ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಕಿಮೋದಲ್ಲಿ ಕೆಲವೇ ವಾರ. ಬೇಸಿಗೆಯುದ್ದಕ್ಕೂ ಕೆರೆ ನಿಧಾನವಾಗಿ ಬತ್ತುವುದಕ್ಕೂ ಏರಿ ಒಡೆದು ಒಂದೇ ರಾತ್ರಿಗೆ ಬರಿದಾಗುವುದಕ್ಕೂ ಇರುವಷ್ಟು ಅಂತರ. ಝಳ, ಬೆವರು, ನಿದ್ದೆಗೇಡು, ಕೀಲುನೋವು, ಮರೆವು, ಕಾರಣವಿಲ್ಲದೆ ಉಕ್ಕುವ ಅಳು, ಮಾತುಮಾತಿಗೆ ಸಿಡುಕು, ಯೋನಿಯ ಒಣಗುವಿಕೆ, ಮೂತ್ರದ ಉರಿ ಎಲ್ಲವೂ ಒಟ್ಟಿಗೆ, ಜೋರಾಗಿ ಬರುತ್ತವೆ.

ಅಂಡಾಶಯವನ್ನು ಬೇಕೆಂದೇ ಸುಮ್ಮನಾಗಿಸುವುದು ಸ್ತನ ಕ್ಯಾನ್ಸರಿನ ಅತ್ಯಂತ ಹಳೆಯ ಔಷಧ. 1896ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯ, ಮುಂದುವರಿದ ಸ್ತನ ಕ್ಯಾನ್ಸರಿದ್ದ 33 ವರ್ಷದ ಹೆಂಗಸಿನ ಎರಡೂ ಅಂಡಾಶಯ ತೆಗೆದು, ಗಂಟು ಕರಗಿದ್ದನ್ನು ವರದಿ ಮಾಡಿದರು. ಅವರಿಗೆ ಆ ಯೋಚನೆಗೆ ಇಂಬು ಸಿಕ್ಕಿದ್ದು ದನ ಸಾಕುವವರಿಂದ: ಕರು ಹಾಕಿದ ಮೇಲೆ ಹಸುವಿನ ಅಂಡಾಶಯ ತೆಗೆದರೆ ಹಾಲು ಬತ್ತದೆ ಬಹುಕಾಲ ನಿಲ್ಲುತ್ತದೆ ಎಂಬ ರೂಢಿ ಕೆಲವು ದೇಶಗಳಲ್ಲಿತ್ತು. ಎಲ್ಲೋ ಹೊಟ್ಟೆಯಲ್ಲಿರುವ ಅಂಗಕ್ಕೂ ಕೆಚ್ಚಲಿಗೂ ಸಂಬಂಧವಿದೆ ಎಂದ ಮೇಲೆ ಹೆಂಗಸಿನ ಎದೆಗೂ ಇರಬೇಕು ಎಂದು ಅವರು ಊಹಿಸಿದರು. ಈಸ್ಟ್ರೋಜನ್ ಎಂಬ ಹಾರ್ಮೋನು ಪತ್ತೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಹೈನಿನ ಮೇಲೆ ಬದುಕು ಕಟ್ಟಿಕೊಂಡಿರುವ ನಮ್ಮ ಜಿಲ್ಲೆಯ ಹೆಂಗಸರಿಗೆ ಈ ಕಥೆಯನ್ನು ಬಿಡಿಸಿ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ.

ಈಗ ಗಂಟಿನ ತುಣುಕನ್ನು ಪರೀಕ್ಷೆ ಮಾಡಿ, ಅದು ಹಾರ್ಮೋನಿಗೆ ಸ್ಪಂದಿಸುವ ಜಾತಿಯದೇ ಅಲ್ಲವೇ ಎಂದು ನೋಡುತ್ತಾರೆ. ಹೌದಾದರೆ ಆಪರೇಷನ್, ಕಿಮೋ, ಕರೆಂಟು (ವಿಕಿರಣ ಚಿಕಿತ್ಸೆ) ಎಲ್ಲ ಮುಗಿದ ಮೇಲೂ ಐದು ವರ್ಷ, ಕೆಲವರಿಗೆ ಹತ್ತು ವರ್ಷ ಮಾತ್ರೆ ನುಂಗಬೇಕು. ಭಾರತದಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಸ್ತನ ಕ್ಯಾನ್ಸರುಗಳು ಹಾರ್ಮೋನಿಗೆ ಸ್ಪಂದಿಸದ ‘ಟ್ರಿಪಲ್ ನೆಗೆಟಿವ್’ ಜಾತಿಯವು. ಆ ಜಾತಿಯ ಕ್ಯಾನ್ಸರ್ ಇರುವವರಿಗೆ ಈ ಮಾತ್ರೆಯಿಲ್ಲ, ಆದರೆ ಕಿಮೋದಿಂದ ಮುಟ್ಟು ನಿಲ್ಲುವುದು ಅವರಿಗೂ ತಪ್ಪಿದ್ದಲ್ಲ.

ಆ ಮಾತ್ರೆಗಳಲ್ಲಿ ಹಳೆಯದು ಟಮಾಕ್ಸಿಫೆನ್. 1962ರಲ್ಲಿ ಇಂಗ್ಲೆಂಡಿನ ಔಷಧ ಕಂಪನಿಯೊಂದು ಗರ್ಭನಿರೋಧಕ ಹುಡುಕುತ್ತಾ ತಯಾರಿಸಿದ ರಾಸಾಯನಿಕ ಅದು. ಆ ಕೆಲಸಕ್ಕೆ ಬರಲಿಲ್ಲ, ಸ್ತನ ಕ್ಯಾನ್ಸರಿಗೆ ಬಂತು. ದಿನಕ್ಕೊಂದು 20 ಮಿಲಿಗ್ರಾಂ ಮಾತ್ರೆ, ಬೆಲೆ ಕೆಲವೇ ರೂಪಾಯಿ. ಐದು ವರ್ಷ ಬಿಡದೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಹದಿನೈದು ವರ್ಷದ ಲೆಕ್ಕದಲ್ಲಿ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ ಎಂದು ಸಾವಿರಾರು ರೋಗಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಇಷ್ಟು ಅಗ್ಗಕ್ಕೆ ಇಷ್ಟು ಆಯುಸ್ಸು ಕೊಡುವ ಕ್ಯಾನ್ಸರ್ ಔಷಧ ಮತ್ತೊಂದನ್ನು ಹುಡುಕುವುದು ಕಷ್ಟ. ಆದರೂ ಜನ ಅದನ್ನು ನಡುವೆ ಬಿಟ್ಟುಬಿಡುತ್ತಾರೆ. ಝಳ ತಡೆಯಲಾರದೆ ಬಿಡುತ್ತಾರೆ, ಬಿಳಿಮುಟ್ಟು ಹೆಚ್ಚಾಯಿತೆಂದು ಬಿಡುತ್ತಾರೆ, ‘ಆ ಮಾತ್ರೆ ಉಷ್ಣ’ ಎಂದು ನೆಂಟರು ಹೇಳಿದ್ದಕ್ಕೆ ಬಿಡುತ್ತಾರೆ. ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಅದೇ ಅಪಾಯ. ಆಗುವುದಿದ್ದರೆ ಮೂರೋ ಆರೋ ವರ್ಷದ ಮೇಲೆ, ಮೂಳೆಯಲ್ಲೋ ಪಿತ್ತಜನಕಾಂಗದಲ್ಲೋ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಋತುಬಂಧದ ತೊಂದರೆಗಳನ್ನು ‘ಇದೆಲ್ಲ ಸಹಿಸಿಕೋಬೇಕಮ್ಮ’ ಎಂದು ತಳ್ಳಿಹಾಕುವ ಪ್ರತಿಯೊಬ್ಬರೂ ಆ ಮಾತ್ರೆ ನಿಲ್ಲುವುದಕ್ಕೆ ಕೈಜೋಡಿಸಿದಂತೆಯೇ.

ಮುಟ್ಟು ನಿಂತಿಲ್ಲದ, ಕಾಯಿಲೆಯ ಅಪಾಯ ಹೆಚ್ಚಿರುವ ಕಿರಿಯ ಹೆಂಗಸರಿಗೆ ಅಂಡಾಶಯವನ್ನು ಸುಮ್ಮನಾಗಿಸಿ ಮಾತ್ರೆ ಕೊಡುವುದು ಇನ್ನೂ ಮೇಲು ಎಂದು 2014ರಿಂದೀಚೆ ಬಂದ ದೊಡ್ಡ ಅಧ್ಯಯನಗಳಿಂದ ಗೊತ್ತಾಗಿದೆ. ಅದಕ್ಕೆ ಎರಡು ದಾರಿ. 28 ದಿನಕ್ಕೊಮ್ಮೆ ಗೋಸೆರೆಲಿನ್ ಅಥವಾ ಲ್ಯೂಪ್ರೊಲೈಡ್ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಒಂದು. ವರ್ಷಕ್ಕೆ 13, ಐದು ವರ್ಷಕ್ಕೆ 65 ಇಂಜೆಕ್ಷನ್. ತಪ್ಪಿದರೆ ಅಂಡಾಶಯ ಮತ್ತೆ ಎಚ್ಚರಗೊಳ್ಳುತ್ತದೆ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ದುರ್ಬೀನಿನಿಂದ ಎರಡೂ ಅಂಡಾಶಯ ತೆಗೆಸಿಬಿಡುವುದು ಇನ್ನೊಂದು. ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಹಿಂದಿರುಗುವ ದಾರಿಯಿಲ್ಲ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೂಲಿಗೆ ಹೋಗುವ ಹೆಂಗಸಿಗೆ ಸುಗ್ಗಿಯ ತಿಂಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗುವುದೆಂದರೆ ಸಣ್ಣ ಮಾತಲ್ಲ, ಹೀಗಾಗಿ ಆಪರೇಷನ್ನೇ ಅನುಕೂಲ ಎಂದು ಮನೆಯವರೂ ಡಾಕ್ಟರೂ ತೀರ್ಮಾನಿಸುವುದು ಸಹಜ. ತೀರ್ಮಾನ ಸರಿಯೂ ಇರಬಹುದು. ಅದನ್ನು ಅವಳು ಮಾಡಬೇಕು. ಇಂಜೆಕ್ಷನ್ನಿನ ದಾರಿಯೂ ಇದೆ, ಕೆಲವನ್ನು ಮೂರು ತಿಂಗಳಿಗೊಮ್ಮೆ ಹಾಕಿಸಬಹುದು, ಹತ್ತಿರದ ಆಸ್ಪತ್ರೆಯಲ್ಲೇ ಹಾಕಿಸಲು ಚೀಟಿ ಬರೆದುಕೊಡಲು ಕೇಳಬಹುದು ಎಂಬುದು ಅವಳಿಗೆ ಗೊತ್ತಿರಬೇಕು.

ಇಲ್ಲೇ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಗಡಿಯಾಚೆಯ ಆಂಧ್ರಪ್ರದೇಶ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಯಲ್ಲಿ ದೇಶಕ್ಕೇ ಮುಂದಿತ್ತು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಲ್ಲಿನ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 8.9ರಷ್ಟು ಮಂದಿಗೆ ಅದಾಗಿತ್ತು. ಮುಳಬಾಗಿಲು, ಶ್ರೀನಿವಾಸಪುರದ ಗಡಿಯ ಊರಿನವರು ಆ ಕಡೆಯ ಆಸ್ಪತ್ರೆಗಳಿಗೆ ಹೋಗುವುದು ಹೊಸದೇನಲ್ಲ. ಗರ್ಭಚೀಲ ತೆಗೆದರೆ ಮುಟ್ಟು ನಿಲ್ಲುತ್ತದೆ ನಿಜ, ಆದರೆ ಅಂಡಾಶಯ ಉಳಿಸಿದ್ದರೆ ಹಾರ್ಮೋನು ಹರಿಯುತ್ತಲೇ ಇರುತ್ತದೆ. ‘ನಂಗೆ ಹತ್ತು ವರ್ಷದ ಹಿಂದೇನೇ ನಿಂತೈತೆ’ ಎಂಬ ಮಾತಿನ ಮೇಲೆ ಮಾತ್ರೆ ಬರೆದರೆ ತಪ್ಪಾಗಬಹುದು. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಎಂಬ ಹೊಸ ಮಾತ್ರೆಗಳು ಅಂಡಾಶಯ ಪೂರ್ತಿ ಸುಮ್ಮನಾಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಅರೆಬರೆ ಜೀವವಿರುವ ಅಂಡಾಶಯವನ್ನು ಅವು ಎಬ್ಬಿಸಿಬಿಡುತ್ತವೆ. ಮಕ್ಕಳಾಗದವರಿಗೆ ಅಂಡ ಬಿಡುಗಡೆಯಾಗಲೆಂದು ಕೊಡುವುದೂ ಇದೇ ಲೆಟ್ರೋಜೋಲನ್ನೇ. ಆದ್ದರಿಂದ ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಎಲ್ಲಿದ್ದರೂ ಹುಡುಕಿ ತೆಗೆದುಕೊಂಡು ಹೋಗಿ. ಸಿಗದಿದ್ದರೆ ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆ ಮಾಡಿಸಲು ಕೇಳಿ.

ಕಿಮೋದಿಂದ ಮುಟ್ಟು ನಿಂತ ಮಾತ್ರಕ್ಕೆ ಬಸಿರಾಗುವುದಿಲ್ಲ ಎಂದೂ ಅಲ್ಲ. ಟಮಾಕ್ಸಿಫೆನ್ ನುಂಗುತ್ತಿರುವಾಗ ಗರ್ಭ ನಿಂತರೆ ಮಗುವಿಗೆ ಅಪಾಯ. ಗರ್ಭ ತಡೆಯಲು ಹಾರ್ಮೋನಿನ ಗುಳಿಗೆ ಬೇಡ. ಕಾಪರ್ ಟಿ ಅಥವಾ ಕಾಂಡೋಮ್ ಆಗಬೇಕು. ನಮ್ಮ ಕಡೆ ಇಪ್ಪತ್ತೈದರ ಆಸುಪಾಸಿಗೆ ಎರಡು ಮಕ್ಕಳಾಗಿ ಸಂತಾನ ನಿಯಂತ್ರಣದ ಆಪರೇಷನ್ ಮುಗಿಸಿಕೊಂಡವರೇ ಹೆಚ್ಚಿರುವುದರಿಂದ ಈ ಪ್ರಶ್ನೆ ಬಹಳ ಮಂದಿಗೆ ಬರುವುದಿಲ್ಲ. ಆದರೆ ಈಗ ಮಾಲೂರಿನಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ, ಮೂವತ್ತಕ್ಕೆ ಮದುವೆಯಾಗುವ ಹುಡುಗಿಯರೂ ಇದ್ದಾರೆ. ಮುಂದೆ ಮಕ್ಕಳು ಬೇಕೆನ್ನುವ ಅವರಿಗೆ ಅಂಡವನ್ನೋ ಭ್ರೂಣವನ್ನೋ ಶೈತ್ಯದಲ್ಲಿಡುವ ಅವಕಾಶವಿದೆ, ಖರ್ಚು ಭಾರಿ, ಕಿಮೋಗೆ ಮೊದಲು ಸುಮಾರು ಎರಡು ವಾರ ಬೇಕು. ಕಿಮೋ ಶುರುವಾದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಇನ್ನು ಮನೆಯ ಮಾತು. ಬೆಂಬಲ ಎಂದರೆ ಹಾರ್ಲಿಕ್ಸು, ಎಳನೀರು ಹಿಡಿದುಕೊಂಡು ಬಂದು ಹಾಸಿಗೆಯ ಪಕ್ಕ ಕೂರುವುದು ಎಂದು ನಾವು ತಿಳಿದಿದ್ದೇವೆ. ಕಿಮೋ ನಡೆಯುವ ಆರು ತಿಂಗಳು ಅದಕ್ಕೆ ಕೊರತೆಯಿರುವುದಿಲ್ಲ. ತವರಿನವರು ಬರುತ್ತಾರೆ, ಅಕ್ಕತಂಗಿಯರು ಸರದಿಯ ಮೇಲೆ ಬಂದು ಇರುತ್ತಾರೆ. ಕೂದಲು ಮತ್ತೆ ಬಂದ ಮೇಲೆ ಎಲ್ಲರ ಕಣ್ಣಿಗೂ ಅವಳು ವಾಸಿಯಾದವಳು. ಋತುಬಂಧದ ಕಷ್ಟ ಹೆಚ್ಚುವುದು ಆಗಲೇ. ಹೊರಗೆ ಕಾಣುವ ಗಾಯವಿಲ್ಲ. ಅವಳು ಸೌದೆ ಒಲೆಯ ಮುಂದೆ ಮುದ್ದೆ ತೊಳಸುತ್ತಾ ಇದ್ದಾಗ ಝಳ ಏರುತ್ತದೆ, ಕೋಲು ಅಲ್ಲೇ ಬಿಟ್ಟು ಹಿತ್ತಲಿಗೆ ಓಡುತ್ತಾಳೆ. ರೇಷ್ಮೆ ಹುಳುಮನೆಯ ಮುಚ್ಚಿದ ಬಾಗಿಲೊಳಗೆ ಸೊಪ್ಪು ಹಾಕುತ್ತಾ ಉಸಿರುಗಟ್ಟಿದಂತಾಗುತ್ತದೆ. ಮಾರ್ಚಿನಿಂದ ಮೇ ತನಕ ಕೋಲಾರದ ಬಿಸಿಲಿನಲ್ಲಿ ಟೊಮೆಟೊ ಕೀಳುವ ಹೊಲದಲ್ಲಿ ಕೇಳುವುದೇ ಬೇಡ. ರಾತ್ರಿ ನಿದ್ದೆಯಿಲ್ಲದೆ ಬೆಳಿಗ್ಗೆ ಮೈಮುರಿದು ಬಿದ್ದಿದ್ದರೆ ಸೋಮಾರಿ ಎನ್ನುತ್ತಾರೆ, ಸಿಡುಕಿದರೆ ‘ಕಾಯಿಲೆ ಬಂದ್ಮೇಲೆ ಬಾಯಿ ಜಾಸ್ತಿ ಆಗೈತೆ’ ಎನ್ನುತ್ತಾರೆ.

ಇಲ್ಲಿ ನಾನು ಅತ್ತೆಯನ್ನು ನೆಚ್ಚುತ್ತೇನೆ. ಹದಿನೆಂಟು ಇಪ್ಪತ್ತಕ್ಕೆ ಮದುವೆಯಾಗುವ ನಮ್ಮ ಹಳ್ಳಿಗಳಲ್ಲಿ ಮೂವತ್ತೈದರ ಸೊಸೆಗೆ ಅತ್ತೆ ಐವತ್ತೈದರ ಆಸುಪಾಸಿನವಳು. ಅದೇ ಝಳ, ಅದೇ ಬೆವರು, ಅದೇ ನಿದ್ದೆಗೇಡನ್ನು ಹತ್ತಿರದ ವರ್ಷಗಳಲ್ಲೇ ದಾಟಿ ಬಂದವಳು, ಅಥವಾ ಇನ್ನೂ ದಾಟುತ್ತಿರುವವಳು. ಸೊಸೆಗೆ ಬಂದಿರುವುದು ಅದೇ ಎಂದು ಅವಳಿಗೆ ಯಾರಾದರೂ ಹೇಳಿದರೆ ಸಾಕು, ಮನೆಯ ಗಾಳಿ ಬದಲಾಗುತ್ತದೆ. ‘ನಂಗೂ ಹಿಂಗೇ ಆಗ್ತಿತ್ತು ಕಣಮ್ಮ, ಒಲೆ ನಾನು ನೋಡ್ಕೋತೀನಿ, ನೀನು ಗಾಳಿಗೆ ಕೂತ್ಕೋ’ ಎಂದು ಅತ್ತೆ ಹೇಳಿದ ದಿನ ಯಾವ ಕೌನ್ಸೆಲಿಂಗೂ ಮಾಡಲಾರದ ಕೆಲಸವಾಗಿರುತ್ತದೆ. ಆದ್ದರಿಂದ ಕಿಮೋಗೆ ಮೊದಲಿನ ಮಾತುಕತೆಗೆ ಅವಳನ್ನೂ ಕರೆದುಕೊಂಡು ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಂಡನ ವಿಷಯ ಬೇರೆ. ಫೈಲು ಹಿಡಿದು ಸಾಲಿನಲ್ಲಿ ನಿಲ್ಲುವ, ಸಾಲ ತರುವ, ರಾತ್ರಿಯಿಡೀ ಆಸ್ಪತ್ರೆಯ ಹೊರಗೆ ಟವಲ್ ಹಾಸಿ ಮಲಗುವ ಗಂಡಂದಿರನ್ನು ಕಿದ್ವಾಯಿಯ ಅಂಗಳದಲ್ಲಿ ಯಾವತ್ತು ಹೋದರೂ ಕಾಣಬಹುದು. ಅವರಿಗೆ ಹೇಳಿಕೊಟ್ಟವರಿಲ್ಲ, ಅಷ್ಟೇ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಹೊರಗಿನ ಯಂತ್ರದಿಂದ ಕರೆಂಟು ಕೊಡಿಸಿಕೊಂಡವಳ ಮೈಯಲ್ಲಿ ಕಿರಣ ಉಳಿದಿರುವುದಿಲ್ಲ; ಪಕ್ಕದಲ್ಲಿ ಮಲಗಬಹುದು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಕೂಡುವಾಗ ನೋವಾಗುತ್ತದೆ ಎಂದು ಅವಳು ಹಿಂದೆ ಸರಿದರೆ ಅದು ಬೇಸರವಲ್ಲ, ಹಾರ್ಮೋನು ಇಲ್ಲದೆ ಒಳಚರ್ಮ ಒಣಗಿ ತೆಳುವಾಗಿರುತ್ತದೆ. ಹಾರ್ಮೋನಿಲ್ಲದ ಜೆಲ್ಲುಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಕೊಬ್ಬರಿ ಎಣ್ಣೆಯನ್ನೂ ಬಳಸುತ್ತಾರೆ, ಆದರೆ ಎಣ್ಣೆ ತಾಗಿದರೆ ಕಾಂಡೋಮ್ ಹರಿಯಬಹುದು. ಈಸ್ಟ್ರೋಜನ್ ಇರುವ ಮುಲಾಮನ್ನು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬಾರದು.

ಸಾಮಾನ್ಯ ಋತುಬಂಧಕ್ಕೆ ಕೊಡುವ ಹಾರ್ಮೋನು ಮಾತ್ರೆ ಸ್ತನ ಕ್ಯಾನ್ಸರ್ ಆದವರಿಗೆ ಆಗುವುದಿಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಅದನ್ನು ಕೊಟ್ಟು ನೋಡಿದ ಅಧ್ಯಯನವನ್ನು ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಯಿತೆಂದು 2003ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಹಾಗೆಂದು ದಾರಿ ಮುಚ್ಚಿಲ್ಲ. ವೆನ್ಲಾಫ್ಯಾಕ್ಸಿನ್, ರಾತ್ರಿಗೆ ಗ್ಯಾಬಾಪೆಂಟಿನ್, ಆಕ್ಸಿಬ್ಯುಟಿನಿನ್ ಇವೆಲ್ಲ ಬೇರೆ ಕಾಯಿಲೆಗಳಿಗೆ ಬಂದ ಹಳೆಯ ಮಾತ್ರೆಗಳಾದರೂ ಝಳವನ್ನು ಗಣನೀಯವಾಗಿ ತಗ್ಗಿಸುತ್ತವೆ. ಡಾಕ್ಟರು ಬರೆಯಬೇಕು, ಯಾಕೆಂದರೆ ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್‌ನಂಥ ಕೆಲವು ಮಾತ್ರೆಗಳು ಟಮಾಕ್ಸಿಫೆನ್ನಿನ ಶಕ್ತಿಯನ್ನೇ ಕುಂದಿಸುತ್ತವೆ. ಬೆಂಗಳೂರಿನ ಎಸ್‌-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಯೋಗದಿಂದ ಆತಂಕ, ವಾಕರಿಕೆ ಕಡಿಮೆಯಾದದ್ದು ಕಂಡಿದೆ. ಹೆಣ್ಣಿನ ಶಕ್ತಿಗೆಂದು ಮಾರುವ ಶತಾವರಿ ಮುಂತಾದ ಪುಡಿ, ಲೇಹ್ಯಗಳನ್ನು ಮಾತ್ರ ಕೇಳದೆ ತೆಗೆದುಕೊಳ್ಳಬೇಡಿ.

ಮೂಳೆಯ ಬಗ್ಗೆ ಕೋಲಾರದವರಿಗೆ ಬೇರೆಯೇ ಮಾತು ಹೇಳಬೇಕು. ಈಸ್ಟ್ರೋಜನ್ ಹೋದರೆ ಮೂಳೆ ಬೇಗ ಸವೆಯುತ್ತದೆ. ಲೆಟ್ರೋಜೋಲ್ ಜಾತಿಯ ಮಾತ್ರೆ ಆ ಸವೆತವನ್ನು ಹೆಚ್ಚಿಸುವುದಲ್ಲದೆ ಕೀಲುಗಳನ್ನೂ ಬಿಗಿಯುತ್ತದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದೆ ಹಾಲು ಕರೆಯುವುದು ಕಷ್ಟವಾಗುತ್ತದೆ. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು, ಅದರಿಂದ ಕೀಲು ಮೂಳೆ ಬಿಗಿಯುವುದು ಎಲ್ಲರಿಗೂ ಗೊತ್ತು. ಹೀಗಾಗಿ ಯಾವ ನೋವನ್ನು ಹೇಳಿಕೊಂಡರೂ ‘ಬೋರ್‌ವೆಲ್ ನೀರು’ ಎಂದು ಮುಗಿಸುತ್ತಾರೆ. ಫ್ಲೋರೈಡ್ ಹೆಚ್ಚಾದ ಮೂಳೆ ಸಾಂದ್ರತೆಯ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಒಳಗೆ ಪೆಡಸಾಗಿರಬಹುದು. ನಾನು ಕುಡಿಯುವುದು ಕೊಳವೆಬಾವಿ ನೀರು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ರಾಗಿ ನಮ್ಮ ಕೈಯಲ್ಲೇ ಇದೆ, ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಸಿಗುತ್ತದೆ. ಬೇಕಿರುವುದು ದಿನಕ್ಕೆ ಸಾವಿರಕ್ಕೂ ಹೆಚ್ಚು. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಮನೆಯೊಡತಿಯ ಲೋಟಕ್ಕೆ ಉಳಿಯುವುದು ಕಡಿಮೆ. ಎರಡು ಲೋಟ ಹಾಲನ್ನು ಅವಳ ಪಾಲಿಗೆಂದು ತೆಗೆದಿಟ್ಟು ಉಳಿದದ್ದನ್ನು ಕ್ಯಾನಿಗೆ ಸುರಿಯಿರಿ. ಮೂಳೆ ತೀರ ತೆಳುವಾಗಿದ್ದರೆ ಆರು ತಿಂಗಳಿಗೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಎಂಬ ಇಂಜೆಕ್ಷನ್ನಿದೆ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಎನ್ನುವಂತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಕ್ಯಾನ್ಸರ್ ಚಿಕಿತ್ಸೆಗೆ ಪದೇ ಪದೇ ಓಡಾಡುವವರಿಗೆ, ಜೊತೆಗೆ ಬರುವ ಅಕ್ಕನಿಗೋ ಅತ್ತೆಗೋ ಇದರಿಂದ ಆಗಿರುವ ಉಪಕಾರ ದೊಡ್ಡದು. 2024ರ ಅಕ್ಟೋಬರಿನಲ್ಲಿ ‘ಗೃಹ ಆರೋಗ್ಯ’ ಯೋಜನೆಯನ್ನು ಪ್ರಯೋಗಕ್ಕೆಂದು ಮೊದಲು ಶುರುಮಾಡಿದ್ದು ಕೋಲಾರ ಜಿಲ್ಲೆಯಲ್ಲೇ. ಮೂವತ್ತು ದಾಟಿದವರ ಮನೆಬಾಗಿಲಿಗೆ ಬಂದು ಬಿಪಿ, ಶುಗರಿನ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯನ್ನೂ ಮಾಡುವ ಯೋಜನೆ ಅದು. 2025ರ ಮೇ ತಿಂಗಳಿನಿಂದ ರಾಜ್ಯದ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರಗಳೂ ಬಂದಿವೆ. ಮುಂದಿನ ಸೈಕಲ್ ಹತ್ತಿರದಲ್ಲೇ ಆಗುತ್ತದೆಯೇ ಎಂದು ಕೇಳಿ ನೋಡಿ. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ ಗಂಟು ಹುಡುಕುವುದನ್ನು ಕಲಿಸಿದ್ದೇವೆ. ಚಿಕಿತ್ಸೆ ಮುಗಿಸಿ ಬಂದವಳ ಮನೆಗೆ ಹೋಗಿ ‘ನಿದ್ದೆ ಬರ್ತಾ ಇದೆಯಾ, ಮಾತ್ರೆ ತಗೋತಿದ್ದೀಯಾ’ ಎಂದು ಕೇಳುವುದನ್ನೂ ಕಲಿಸಿದರೆ ಗೃಹ ಆರೋಗ್ಯ ಯೋಜನೆ ಪೂರ್ಣವಾಗುತ್ತದೆ.

ಯೋಜನೆಗಳು ಮುಟ್ಟದ ಜಾಗವನ್ನು ಹೆಂಗಸರೇ ಮುಟ್ಟಬೇಕು. 1952ರಲ್ಲಿ ನ್ಯೂಯಾರ್ಕಿನಲ್ಲಿ ಎದೆ ತೆಗೆಸಿಕೊಂಡ ಟೆರೀಸ್ ಲಾಸರ್ ಎಂಬಾಕೆ, ಆಪರೇಷನ್ ಆದ ಹೆಂಗಸರ ಹಾಸಿಗೆಯ ಬಳಿ ಹೋಗಿ ತೋಳಿನ ವ್ಯಾಯಾಮ, ಒಳಉಡುಪು, ಗಂಡನ ಜೊತೆಗಿನ ಬದುಕು ಎಲ್ಲವನ್ನೂ ಮಾತಾಡಲು ಶುರುಮಾಡಿದರು. ಡಾಕ್ಟರುಗಳು ಮೊದಮೊದಲು ವಿರೋಧಿಸಿದರು. ‘ರೀಚ್ ಟು ರಿಕವರಿ’ ಎಂದು ಆ ಕೆಲಸ ಆಮೇಲೆ ಅನೇಕ ದೇಶಗಳಿಗೆ ಹಬ್ಬಿತು. ಕನ್ನಡದಲ್ಲಿ ಬಿ.ವಿ. ಭಾರತಿ ಅವರು ಸ್ತನ ಕ್ಯಾನ್ಸರಿನ ತಮ್ಮ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕವಾಗಿ ಬರೆದಿದ್ದಾರೆ. ಓದಲು ಬರುವ ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮನಿಗೆ ಓದಿ ಹೇಳಬಹುದಾದ ಪುಸ್ತಕ. ಓದು ಬಾರದ ಕಡೆ ಬಾಯಿಮಾತು ಇದೆ. ಆಸ್ಪತ್ರೆಯ ಧರ್ಮಶಾಲೆಯಲ್ಲಿ ಪಕ್ಕಪಕ್ಕ ಚಾಪೆ ಹಾಸಿಕೊಂಡವರು ‘ನಿಂಗೂ ಹಿಂಗೇ ಆಯ್ತಾ ಅಕ್ಕಾ?’ ಎಂದು ಕೇಳಿಕೊಳ್ಳುತ್ತಾರೆ. ಊರಿಗೆ ಬಂದರೆ ಆ ಅಕ್ಕ ಇರುವುದಿಲ್ಲ. ಮಗಳ ಮದುವೆಗೆ ತೊಡಕಾದೀತು ಎಂದು ಮನೆಯವರು ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟಿರುತ್ತಾರೆ. ವಂಶದಿಂದ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ. ಅಂಥ ಅನುಮಾನವಿದ್ದರೆ ಪರೀಕ್ಷೆಯಿದೆ. ಅದಕ್ಕಾಗಿ ಅಮ್ಮ ಒಬ್ಬಂಟಿಯಾಗಿ ಬೇಯುವುದು ನ್ಯಾಯವಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಸ್ತ್ರೀಶಕ್ತಿ ಸಂಘವಿಲ್ಲದ ಊರು ಕಡಿಮೆ. ವಾರಕ್ಕೊಮ್ಮೆ ಕೂತು ಉಳಿತಾಯದ ಲೆಕ್ಕ ಬರೆಯುವ ಆ ಜಾಗದಲ್ಲಿ ತಿಂಗಳಿಗೊಂದು ಸಲ ಅರ್ಧ ಗಂಟೆ ಈ ಮಾತಿಗೆ ಕೊಡಿ. ಚಿಕಿತ್ಸೆ ಮುಗಿಸಿದ ಒಬ್ಬರು ಪಕ್ಕದ ಊರಿನಿಂದಾದರೂ ಬಂದು ಮಾತಾಡಲಿ. ಮನಸ್ಸು ತೀರ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಹಣವಿಲ್ಲದೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಕಿಮೋ ಶುರುವಾಗುವುದಿದ್ದರೆ, ಮೊದಲ ದಿನವೇ ಡಾಕ್ಟರನ್ನು ಕೇಳಿ: ಇವರ ಮುಟ್ಟು ನಿಲ್ಲುತ್ತದೆಯೇ, ಮತ್ತೆ ಬರುತ್ತದೆಯೇ, ಮಕ್ಕಳು ಬೇಕಿದ್ದರೆ ಏನು ಮಾಡಬೇಕು, ಝಳಕ್ಕೆ ಯಾವ ಮಾತ್ರೆ ಕೊಡುತ್ತೀರಿ, ಮೂಳೆಯ ಪರೀಕ್ಷೆ ಯಾವಾಗ. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ಸಿಸ್ಟರನ್ನು ಕೇಳಿ. ಚೀಟಿಯ ಹಿಂಭಾಗದಲ್ಲಿ ಬರೆಸಿಕೊಳ್ಳಿ. ಮತ್ತು ದಿನಾ ನುಂಗುವ ಆ ಮಾತ್ರೆಯನ್ನು ಎಷ್ಟೇ ಕಷ್ಟವಾದರೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.